ಎಣ್ಣೆ ಹೊಡೆದದ್ದು ಯಾವತ್ತು? ಗೆಲ್ಲಬೇಕೆಂದವರ ಊಟಕ್ಕೆ 11 ಸೂತ್ರಗಳು

ಹೊಸಪೇಟೆಯಲ್ಲಿ ರೂಮು ಮಾಡಿಕೊಂಡು ಕೆಪಿಎಸ್‌ಸಿಗೆ ಓದುತ್ತಿದ್ದೀರಿ. ಇಲ್ಲವೇ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಸಂಡೂರಿನ ಬಸ್ಸು ಹಿಡಿಯುತ್ತೀರಿ. ಇಲ್ಲವೇ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ. ನಡೆದಿದೆ. ಟೈಮ್‌ಟೇಬಲ್ ಇದೆ, ಟಾರ್ಗೆಟ್ ಇದೆ, ಹೆಜ್ಜೆ ಎಣಿಸುವ ಆಪ್ ಕೂಡ ಇದೆ. ದಿನಕ್ಕೆ ಮೂರು ಹೊತ್ತು ತಟ್ಟೆಗೆ ಬೀಳುವುದಕ್ಕೆ ಮಾತ್ರ ಪ್ಲಾನ್ ಇಲ್ಲ. ಇವತ್ತೇ ಮಾಡಿ.

ನಮ್ಮದು ಊರೂರಿಗೆ ಉಣ್ಣಿಸುವ ಸೀಮೆ. ಟಿ.ಬಿ. ಡ್ಯಾಮಿನ ನೀರು ಕಂಪ್ಲಿಯಲ್ಲಿ ಭತ್ತವಾಗುತ್ತದೆ, ಕಮಲಾಪುರದ ತೋಟದಲ್ಲಿ ಬಾಳೆಯಾಗುತ್ತದೆ. ಅದೇ ಹೊಲಗಳಿಗೆ ಕೀಟನಾಶಕವೂ ಇಳಿಯುತ್ತದೆ, ನಮ್ಮವರ ಮಾತಿನಲ್ಲಿ 'ಎಣ್ಣೆ'. ಅದರಲ್ಲಿ ಆರ್ಗನೊಫಾಸ್ಫೇಟ್ ಎಂಬ ಒಂದು ಗುಂಪನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಿ. ಭಯ ಬೇಡ, ಪದ್ಧತಿ ಬೇಕು.

1. ಎದುರಾಳಿಯ ಹೆಸರು ಬಾಯಿಪಾಠ ಮಾಡಿ

ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್, ಕ್ವಿನಾಲ್‌ಫಾಸ್, ಅಸಿಫೇಟ್, ಡೈಮಿಥೋಯೇಟ್, ಮ್ಯಾಲಾಥಿಯಾನ್, ಮೊನೊಕ್ರೊಟೊಫಾಸ್. ಇವೆಲ್ಲ ಒಂದೇ ಕುಟುಂಬ. ಗೊಬ್ಬರದ ಅಂಗಡಿಯಲ್ಲಿ ದೊಡ್ಡ ಅಕ್ಷರದ ಬ್ರಾಂಡ್ ಹೆಸರು ನೋಡಬೇಡಿ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿರುವ ಟೆಕ್ನಿಕಲ್ ಹೆಸರು ಓದಿ. ಒಂದೇ ಔಷಧಿ ಹತ್ತಾರು ಹೆಸರಿನಲ್ಲಿ ಮಾರಾಟವಾಗುತ್ತದೆ.

ಇವು ಕೆಲಸ ಮಾಡುವ ರೀತಿ ತಿಳಿದುಕೊಳ್ಳಿ. ನರದಿಂದ ಸ್ನಾಯುವಿಗೆ ಸಂದೇಶ ಒಯ್ಯುವ ರಾಸಾಯನಿಕ ಅಸಿಟೈಲ್‌ಕೋಲಿನ್. ಸಂದೇಶ ತಲುಪಿದ ಕೂಡಲೇ ಅದನ್ನು ಒಡೆದುಹಾಕಲು ಕೋಲಿನೆಸ್ಟರೇಸ್ ಎಂಬ ಕಿಣ್ವ ಇದೆ. ಆರ್ಗನೊಫಾಸ್ಫೇಟ್ ಹಿಡಿದುಕೊಳ್ಳುವುದು ಈ ಕಿಣ್ವವನ್ನೇ. ನೀರಗಂಟಿಯ ಕೈಕಾಲು ಕಟ್ಟಿಹಾಕಿದರೆ ತೂಬು ಮುಚ್ಚುವವರಿಲ್ಲ, ಹೊಲಕ್ಕೆ ನೀರು ನುಗ್ಗುತ್ತಲೇ ಇರುತ್ತದೆ. ಇಲ್ಲೂ ಅಷ್ಟೇ. ಹುಳುವಿನಲ್ಲೂ ಇದೇ ಕಿಣ್ವ, ನಿಮ್ಮಲ್ಲೂ ಇದೇ ಕಿಣ್ವ. 1930ರ ದಶಕದಲ್ಲಿ ಜರ್ಮನಿಯ ಗೆರ್ಹಾರ್ಡ್ ಶ್ರೇಡರ್ ಕೀಟನಾಶಕ ಹುಡುಕಲು ಹೊರಟು ಟಾಬುನ್ ಎಂಬ ಯುದ್ಧದ ವಿಷಾನಿಲ ಕಂಡುಹಿಡಿದದ್ದು ಇದೇ ಕುಟುಂಬದಲ್ಲಿ. ಪ್ರಮಾಣ ಬೇರೆ, ತತ್ವ ಒಂದೇ.

2. ಮೊದಲು ಈ ಪ್ರಶ್ನೆ ಕೇಳಿ: ಎಣ್ಣೆ ಹೊಡೆದದ್ದು ಯಾವತ್ತು?

ಇಡೀ ಲೇಖನದಲ್ಲಿ ಒಂದೇ ಸೂತ್ರ ಉಳಿಸಿಕೊಳ್ಳುವುದಾದರೆ ಇದನ್ನು ಉಳಿಸಿಕೊಳ್ಳಿ. ಡಿಡಿಟಿಯಂಥ ಹಳೆಯ ವಿಷಗಳು ಮಣ್ಣಿನಲ್ಲಿ, ಮೈಯ ಕೊಬ್ಬಿನಲ್ಲಿ ವರ್ಷಗಟ್ಟಲೆ ಕೂರುತ್ತವೆ. ಆರ್ಗನೊಫಾಸ್ಫೇಟ್ ಹಾಗಲ್ಲ. ಬಿಸಿಲು, ನೀರು, ಗಿಡದೊಳಗಿನ ಕಿಣ್ವ ಸೇರಿ ಅದನ್ನು ಕೆಲವು ದಿನಗಳಿಂದ ಕೆಲವು ವಾರಗಳಲ್ಲಿ ಬಹುಮಟ್ಟಿಗೆ ಒಡೆದುಹಾಕುತ್ತವೆ. ಹಾಗಾಗಿ ಇಲ್ಲಿ ಕಾಯುವುದೇ ಮದ್ದು. ಕೊನೆಯ ಸಿಂಪಡಣೆಯಿಂದ ಕೊಯ್ಲಿನವರೆಗೆ ಎಷ್ಟು ದಿನ ಬಿಡಬೇಕು ಎಂಬುದು ಪ್ರತಿ ಡಬ್ಬಿಯ ಲೇಬಲ್ಲಿನಲ್ಲೂ, ಪ್ರತಿ ಬೆಳೆಗೂ ಬೇರೆ ಬೇರೆಯಾಗಿ ಇರುತ್ತದೆ.

ಸಮಸ್ಯೆ ಇರುವುದು ಎಲ್ಲಿ? ಎರಡು ಮೂರು ದಿನಕ್ಕೊಮ್ಮೆ ಕೀಳುವ ಬೆಳೆಯಲ್ಲಿ. ಬೆಂಡೆ, ಬದನೆ, ಹಸಿಮೆಣಸು, ಹೀರೆ. ಗಿಡದಲ್ಲಿ ಇವತ್ತಿನ ಕಾಯಿಯೂ ಇದೆ, ಮುಂದಿನ ವಾರದ ಹೂವೂ ಇದೆ. ಹುಳು ಕಂಡಿತು, ಹೊಡೆದರು. ಮರುದಿನ ಮಾರ್ಕೆಟ್ಟಿಗೆ ಗಾಡಿ ಹೋಗಬೇಕು, ರೇಟು ಬಿದ್ದೀತೆಂಬ ಆತಂಕ ಬೇರೆ. ಏಳು ದಿನ ಕಾಯುವುದಕ್ಕೆ ಆ ರೈತನ ಕೈಯಲ್ಲಿ ದುಡ್ಡಿಲ್ಲ. ಅವನನ್ನು ಬೈದು ಉಪಯೋಗವಿಲ್ಲ. ಬೈಯುವವರಲ್ಲಿ ಎಷ್ಟು ಜನ ತೂತು ಬಿದ್ದ ಬದನೆಕಾಯಿ ಕೊಳ್ಳುತ್ತಾರೆ?

ಕೊಳ್ಳಿ. ಒಂದೆರಡು ಹುಳು ತಿಂದ ಎಲೆಯಿರುವ ಸೊಪ್ಪು ತೆಗೆದುಕೊಳ್ಳಿ. ಬೆಳೆದವರೇ ಕೂತು ಮಾರುವ ಕಡೆ ಖರೀದಿಸಿ, ಅಲ್ಲಿ ಪ್ರಶ್ನೆಗೆ ಉತ್ತರ ಸಿಗುತ್ತದೆ. "ಅಮ್ಮಾ, ಎಣ್ಣಿ ಹೊಡದು ಎಷ್ಟ್ ದಿನ ಆತು?" ಎಂದು ನಗುತ್ತಲೇ ಕೇಳಿ. ವಾರವಾರ ಅದೇ ಪ್ರಶ್ನೆ ಬಂದರೆ ವ್ಯಾಪಾರಿ ಉತ್ತರ ಸಿದ್ಧ ಮಾಡಿಕೊಂಡೇ ಬರುತ್ತಾಳೆ. "ನಾನೊಬ್ಬ ಕೇಳಿದರೆ ಏನಾದೀತು" ಎನ್ನುವುದು ಅಭಿಪ್ರಾಯವಲ್ಲ, ಅಭ್ಯಾಸ. ಬಿಡಿಸಿಕೊಳ್ಳಿ.

3. ಅಕ್ಕಿಗಿಂತ ಮೊದಲು ಒಗ್ಗರಣೆ ನೋಡಿ

ಭತ್ತಕ್ಕೆ ಹೊಡೆದದ್ದರಲ್ಲಿ ಬಹಳಷ್ಟು ಹೊಟ್ಟು, ತೌಡಿನ ಜೊತೆ ಹೊರಟುಹೋಗುತ್ತದೆ. ತೊಳೆದು ಬೇಯಿಸುವಾಗ ಇನ್ನಷ್ಟು ಕಡಿಮೆಯಾಗುತ್ತದೆ. ನಿಮ್ಮ ಗಮನ ಹಸಿಯಾಗಿ ತಿನ್ನುವುದರ ಮೇಲಿರಲಿ. ಒಗ್ಗರಣೆ-ಮಿರ್ಚಿ ಇಲ್ಲದೆ ಹೊಸಪೇಟೆಯ ಬೆಳಗು ಆಗುವುದಿಲ್ಲ, ಸರಿ. ಅದರ ಮೇಲೆ ಉದುರಿಸಿದ ಹಸಿ ಕೊತ್ತಂಬರಿ, ಒಳಗಿನ ಕರಿಬೇವು, ಪಕ್ಕದ ಹಸಿಮೆಣಸು ತೊಳೆದದ್ದೇ? ಕೇರಳ ಕೃಷಿ ವಿಶ್ವವಿದ್ಯಾಲಯದ ವೆಳ್ಳಾಯಣಿ ಪ್ರಯೋಗಾಲಯ ಮಾರುಕಟ್ಟೆಯ ಸ್ಯಾಂಪಲ್‌ಗಳನ್ನು ಪರೀಕ್ಷಿಸಿದಾಗ ಕೀಟನಾಶಕದ ಶೇಷ ಮತ್ತೆ ಮತ್ತೆ ಸಿಕ್ಕಿದ್ದು ಕರಿಬೇವು, ಕೊತ್ತಂಬರಿ, ಹಸಿಮೆಣಸಿನಲ್ಲೇ.

ಒಣಮೆಣಸಿನಕಾಯಿಯ ಲೆಕ್ಕ ಇನ್ನೊಂದು. ಬಳ್ಳಾರಿ ಸೀಮೆಯ ಮೆಣಸಿನಕಾಯಿ ಬ್ಯಾಡಗಿ ಮಾರುಕಟ್ಟೆಗೆ ಹೋಗುವಷ್ಟರಲ್ಲಿ ಒಣಗಿ ತೂಕ ಇಳಿದಿರುತ್ತದೆ. ನೀರು ಹೋಯಿತು, ಶೇಷ ಉಳಿಯಿತು. ಕಿಲೋ ಲೆಕ್ಕದಲ್ಲಿ ಶೇಷದ ಪ್ರಮಾಣ ಹೆಚ್ಚುತ್ತದೆ.

4. ತೊಳೆಯುವುದನ್ನು ಕಲಿಯಿರಿ

ಹರಿಯುವ ನೀರಿನಲ್ಲಿ ಕೈಯಿಂದ ಉಜ್ಜಿ ತೊಳೆಯಿರಿ. ದುಬಾರಿ ವಾಶ್ ಬಾಟಲಿ ಕೊಳ್ಳಬೇಡಿ. ಅಮೆರಿಕದ ಕನೆಕ್ಟಿಕಟ್ ಕೃಷಿ ಪ್ರಯೋಗ ಕೇಂದ್ರ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬರೀ ನಲ್ಲಿ ನೀರು 12 ಕೀಟನಾಶಕಗಳಲ್ಲಿ 9ರ ಶೇಷವನ್ನು ಇಳಿಸಿತ್ತು. ಅಂಗಡಿಯ ವಾಶ್‌ಗಳು ಅದಕ್ಕಿಂತ ಮೇಲೇನೂ ಇರಲಿಲ್ಲ. ಸಮಯವಿದ್ದರೆ ಅಡುಗೆ ಸೋಡಾ ಬಳಸಿ: ಲೀಟರ್ ನೀರಿಗೆ 10 ಗ್ರಾಂ, 15 ನಿಮಿಷ ನೆನೆಸಿ, ಆಮೇಲೆ ಚೆನ್ನಾಗಿ ತೊಳೆಯಿರಿ. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು 2017ರಲ್ಲಿ ಸೇಬಿನ ಮೇಲೆ ಹೀಗೆ ಮಾಡಿ ನೋಡಿದರು. ಸಿಪ್ಪೆಯ ಮೇಲಿದ್ದ ಫಾಸ್ಮೆಟ್ ಎಂಬ ಆರ್ಗನೊಫಾಸ್ಫೇಟ್ ಹೆಚ್ಚೂಕಡಿಮೆ ಪೂರ್ತಿ ಹೋಯಿತು. ಸೋಪು, ಡಿಟರ್ಜೆಂಟ್ ಮುಟ್ಟಿಸಬೇಡಿ. ಅದನ್ನು ತೊಳೆಯಲು ಇನ್ನೊಂದು ಸುತ್ತು ಬೇಕು.

ಆದರೆ ತೊಳೆಯುವುದಕ್ಕೆ ಮಿತಿ ಇದೆ. ಮೊನೊಕ್ರೊಟೊಫಾಸ್, ಡೈಮಿಥೋಯೇಟ್, ಅಸಿಫೇಟ್ ಗಿಡದೊಳಗೇ ಸೇರಿ ಓಡಾಡುವಂಥವು. ತೆಂಗಿನ ನುಸಿಗೆ ಬೇರಿನ ಮೂಲಕ ಮೊನೊಕ್ರೊಟೊಫಾಸ್ ಕೊಡುವ ಪದ್ಧತಿ ದಕ್ಷಿಣ ಭಾರತದಲ್ಲಿ ಬಹಳ ಕಾಲ ಇತ್ತು. ಕೊಟ್ಟ ಮೇಲೆ 45 ದಿನ ಕಾಯಿ ಕೀಳಬಾರದು ಎಂಬ ಸೂಚನೆ ಅದರ ಜೊತೆಗೇ ಇತ್ತು. ಬೇರಿಗೆ ಕೊಟ್ಟದ್ದು ಎಳನೀರಿನವರೆಗೆ ಏರಬಲ್ಲದು ಎಂದ ಮೇಲೆ ಯಾವ ನಲ್ಲಿ ಏನು ಮಾಡೀತು? ಅಸಿಫೇಟ್ ಇನ್ನೂ ಒಂದು ಹೆಜ್ಜೆ ಮುಂದೆ. ಗಿಡದೊಳಗೆ ಅದರ ಒಂದು ಪಾಲು ಮೆಥಮಿಡೋಫಾಸ್ ಆಗುತ್ತದೆ, ಅದು ಅಸಿಫೇಟಿಗಿಂತ ಹೆಚ್ಚು ವಿಷ. ಇವಕ್ಕೆ ಪರಿಹಾರ ಎರಡನೇ ಸೂತ್ರದಲ್ಲೇ ಇದೆ. ಜೊತೆಗೆ ವಾರಪೂರ್ತಿ ಒಂದೇ ತರಕಾರಿ, ಒಂದೇ ಅಂಗಡಿ ಎಂದು ಅಂಟಿಕೊಳ್ಳಬೇಡಿ.

5. ಅಪ್ಪನ ಹೊಲಕ್ಕೆ ನೀವೇ ಕನ್ಸಲ್ಟೆಂಟ್ ಆಗಿ

ನಿಮ್ಮಲ್ಲಿ ಅರ್ಧ ಜನ ಕಂಪ್ಲಿ, ಸಂಡೂರಿನ ಒಕ್ಕಲು ಮನೆಯವರು. ಫೋನ್ ಮಾಡಿ. "ಅಪ್ಪಾಜಿ, ಎಣ್ಣಿ ಹೊಡಿಯಾಕ ಮೊದ್ಲ ಬುಡದಾಗಿನ ಹುಳದ್ದು ಒಂದ್ ಫೋಟೊ ಕಳಸ್ರಿ" ಎನ್ನಿ. ಇಷ್ಟರಿಂದಲೇ ಒಂದು ಸುತ್ತು ಸಿಂಪಡಣೆ ಉಳಿಯಬಹುದು.

ಯಾಕೆ? ಭತ್ತದ ಕಂದು ಜಿಗಿಹುಳುವಿನ ಕಥೆ ಕೇಳಿ. ಗದ್ದೆಯಲ್ಲಿ ಜೇಡ ಇರುತ್ತದೆ, ಜಿಗಿಹುಳುವಿನ ಮೊಟ್ಟೆ ಹೀರುವ ತಿಗಣೆ ಇರುತ್ತದೆ. ಹುಳು ಕಾಣುವ ಮೊದಲೇ ಮುನ್ನೆಚ್ಚರಿಕೆ ಎಂದು ಹೊಡೆದ ಔಷಧಿ ಮೊದಲು ಮುಗಿಸುವುದು ಇವರನ್ನು. ಜಿಗಿಹುಳುವಿನ ಮೊಟ್ಟೆ ಗರಿಯ ಬುಡದ ಒಳಗೆ ಸುರಕ್ಷಿತ. ಮೊಟ್ಟೆ ಒಡೆದು ಬಂದ ಮರಿಗಳಿಗೆ ಶತ್ರುವೇ ಇಲ್ಲದ ಗದ್ದೆ ಸಿಗುತ್ತದೆ. ಹೊಡೆದಷ್ಟೂ ಹುಳು ಹೆಚ್ಚಾಗುವುದು ಹೀಗೆ. ಇಂಡೊನೇಷ್ಯಾ ಇದನ್ನು ದುಬಾರಿ ಬೆಲೆ ಕೊಟ್ಟು ಕಲಿತಿತು. 1986ರಲ್ಲಿ ಅಧ್ಯಕ್ಷ ಸುಹಾರ್ತೊ ಭತ್ತಕ್ಕೆ 57 ಕೀಟನಾಶಕಗಳ ಬಳಕೆಯನ್ನು ಒಂದೇ ಆದೇಶದಲ್ಲಿ ನಿಲ್ಲಿಸಿದರು, ಅದರಲ್ಲಿ ಹಲವು ಆರ್ಗನೊಫಾಸ್ಫೇಟ್. ಸಬ್ಸಿಡಿಯನ್ನೂ ಹಂತಹಂತವಾಗಿ ಕಿತ್ತರು. ಅಕ್ಕಿಯ ಇಳುವರಿ ಬೀಳಲಿಲ್ಲ.

ಮಾಡಬೇಕಾದದ್ದು ಇಷ್ಟು. ನಾಟಿಯಲ್ಲಿ ಎರಡು ಎರಡೂವರೆ ಮೀಟರಿಗೊಮ್ಮೆ 30 ಸೆಂ.ಮೀ. ಖಾಲಿ ಓಣಿ ಬಿಡಿಸಿ, ಬುಡಕ್ಕೆ ಗಾಳಿ ಬೆಳಕು ಹೋಗಲಿ. ಯೂರಿಯಾ ಹಾಕುವ ಕೈ ಬಿಗಿಯಾಗಿರಲಿ, ಹಸಿರು ಹೆಚ್ಚಾದಷ್ಟೂ ಜಿಗಿಹುಳುವಿಗೆ ಹಬ್ಬ. ನಡುನಡುವೆ ನೀರು ಬಸಿಯಲಿ. ಬುಡ ಬಡಿದು ಹುಳು ಎಣಿಸಿ, ಆಮೇಲೆ ನಿರ್ಧರಿಸಿ. ಅನುಮಾನ ಬಂದರೆ ಗಂಗಾವತಿಯ ಅಥವಾ ಹಗರಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ. ಕಿಸಾನ್ ಕಾಲ್ ಸೆಂಟರ್ 1800-180-1551 ಉಚಿತ. ಔಷಧಿ ಮಾರುವವರನ್ನೇ ಔಷಧಿ ಬೇಕೇ ಎಂದು ಕೇಳುವುದು ಸಲಹೆಯಲ್ಲ, ಶಾಪಿಂಗ್.

6. ಲೇಬಲ್ ಓದಿ, ಬಿಲ್ ಕೇಳಿ

ಡಬ್ಬಿಯ ಮೇಲಿನ ತ್ರಿಕೋನ ನೋಡಿ. ಕೆಂಪು ಅತಿ ಹೆಚ್ಚು ವಿಷ, ನಂತರ ಹಳದಿ, ನೀಲಿ, ಹಸಿರು. ಹಸಿರು ಎಂದರೆ ನಿರಪಾಯ ಎಂದಲ್ಲ, ಉಳಿದವಕ್ಕಿಂತ ಕಡಿಮೆ ಎಂದಷ್ಟೆ.

ಕಾಂಪಿಟಿಟಿವ್ ಪರೀಕ್ಷೆ ಬರೆಯುವವರು ಇದನ್ನು ನೋಟ್ಸ್ ಮಾಡಿಕೊಳ್ಳಿ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಸೋರಿ ಕೆಟ್ಟ ಗೋಧಿ ಹಿಟ್ಟಿನ ಆಹಾರ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ತಿನ್ನುವ ಸಾಮಾನು, ಕೀಟನಾಶಕ ಎರಡನ್ನೂ ಒಟ್ಟಿಗೆ ಸಾಗಿಸಿದ್ದೇ ಕಾರಣ. ಆ ದುರಂತದ ತನಿಖೆಯ ಹಾದಿಯಲ್ಲೇ 1968ರ ಕೀಟನಾಶಕ ಕಾಯ್ದೆ ಬಂತು. 2018ರ ಕೇಂದ್ರದ ಆದೇಶದಂತೆ ಡೈಕ್ಲೋರ್‌ವಾಸ್, ಫೋರೇಟ್, ಟ್ರಯಜೋಫಾಸ್ ಮುಂತಾದವು 2020ರ ಡಿಸೆಂಬರ್ 31ಕ್ಕೆ ಕೊನೆಯಾದವು. ಮೊನೊಕ್ರೊಟೊಫಾಸನ್ನು ತರಕಾರಿಗೆ ಹೊಡೆಯುವುದು ಮೊದಲೇ ನಿಷಿದ್ಧವಾಗಿತ್ತು. 2023ರಲ್ಲಿ ಅದರ 36 ಎಸ್‌ಎಲ್ ರೂಪವನ್ನೇ ನಿಷೇಧಿಸಿದರು. ಕ್ಲೋರ್‌ಪೈರಿಫಾಸನ್ನು ಐರೋಪ್ಯ ಒಕ್ಕೂಟ 2020ರಲ್ಲಿ ಕೈಬಿಟ್ಟಿತು. 2025ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೂ ಅದು ಸೇರಿತು, ಕೆಲವು ವಿನಾಯಿತಿಗಳೊಂದಿಗೆ.

ಈಗ ಅಪ್ಪನ ಕೊಟ್ಟಿಗೆಯ ಅಟ್ಟ ನೋಡಿ. ಹಳೆಯ ಡಬ್ಬಿ ಉಳಿದಿದೆಯೇ? ಹೊಸದು ಕೊಳ್ಳುವಾಗ ಬಿಲ್ಲಿನಲ್ಲಿ ಬ್ಯಾಚ್ ನಂಬರ್ ಬರೆಸಿ. ಬಿಲ್ ಇಲ್ಲದ ಡಬ್ಬಿ ಮನೆಗೆ ತರಬೇಡಿ.

7. ಖಾಲಿ ಡಬ್ಬಿ ಮನೆಯೊಳಗೆ ಬರಕೂಡದು

2013ರ ಜುಲೈ 16, ಬಿಹಾರದ ಸಾರಣ್ ಜಿಲ್ಲೆ. ಶಾಲೆಯ ಬಿಸಿಯೂಟ ತಿಂದು 23 ಮಕ್ಕಳು ಸತ್ತರು. ಅಡುಗೆಯಲ್ಲಿ ಪತ್ತೆಯಾದದ್ದು ಮೊನೊಕ್ರೊಟೊಫಾಸ್. ಅಡುಗೆ ಎಣ್ಣೆಯನ್ನು ಕೀಟನಾಶಕವಿದ್ದ ಡಬ್ಬಿಯಲ್ಲಿ ಇಟ್ಟಿದ್ದರೆಂಬುದು ತನಿಖೆಯಲ್ಲಿ ಬಂದ ಮಾತು. 2018ರ ಡಿಸೆಂಬರ್ 14ರಂದು ನಮ್ಮದೇ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಮಾರಮ್ಮನ ಗುಡಿಯ ಪ್ರಸಾದ ತಿಂದು 17 ಮಂದಿ ಹೋದರು. ಅಲ್ಲಿಯೂ ಅದೇ ವಿಷ. ಅದು ಬೇಕೆಂದೇ ಬೆರೆಸಿದ ಆರೋಪದ ಪ್ರಕರಣ, ಹೊಲದ ಶೇಷಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಇಷ್ಟು ಉಗ್ರ ವಿಷ ಹಳ್ಳಿಹಳ್ಳಿಯ ಕೈಗೆಟುಕುವಂತಿತ್ತು ಎಂಬುದು ಎರಡೂ ಕಡೆಯ ಸತ್ಯ.

ಡಬ್ಬಿಯನ್ನು ಮೂರು ಸಲ ತೊಳೆದು ಆ ನೀರನ್ನು ಪಂಪಿಗೇ ಹಾಕಿ. ಆಮೇಲೆ ಡಬ್ಬಿಗೆ ತೂತು ಹೊಡೆಯಿರಿ. ಮೆಕ್ಕೆಜೋಳದ ಸೈನಿಕ ಹುಳುವಿಗೆ ತೌಡು, ಬೆಲ್ಲ ಕಲಸಿ ವಿಷ ಪಾಷಾಣ ಮಾಡುವವರು ಅಡುಗೆಮನೆಯ ಬುಟ್ಟಿ ಮುಟ್ಟಲೇಬೇಡಿ. ಬೆಲ್ಲದ ವಾಸನೆಗೆ ಮಗುವೂ ಬರುತ್ತದೆ, ನಾಯಿಯೂ ಬರುತ್ತದೆ.

8. ಮನೆಯಲ್ಲಿ ಬಸುರಿ, ಮಗು ಇದ್ದರೆ ನಿಯಮ ಡಬಲ್ ಮಾಡಿ

ನ್ಯೂಯಾರ್ಕ್ ಮತ್ತು ಕ್ಯಾಲಿಫೋರ್ನಿಯಾದ ಪ್ರತ್ಯೇಕ ಅಧ್ಯಯನಗಳು 2011ರಲ್ಲಿ ಒಂದೇ ದಿಕ್ಕಿಗೆ ಬೆರಳು ತೋರಿದವು: ಗರ್ಭದಲ್ಲಿದ್ದಾಗ ಈ ವಿಷಗಳಿಗೆ ಹೆಚ್ಚು ಒಡ್ಡಿಕೊಂಡ ಮಕ್ಕಳ ಬುದ್ಧಿಮತ್ತೆಯ ಅಂಕ ಶಾಲೆಯ ವಯಸ್ಸಿನಲ್ಲಿ ಕಡಿಮೆ ಇತ್ತು. ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2019ರಲ್ಲಿ ಕ್ಲೋರ್‌ಪೈರಿಫಾಸಿಗೆ ಸುರಕ್ಷಿತ ಮಟ್ಟವೆಂದು ಗೆರೆ ಎಳೆಯಲು ಆಗುವುದಿಲ್ಲ ಎಂದಿತು. ಬಾಳೆ ಸೀಮೆಯವರು ಇದನ್ನೂ ಕೇಳಿ: ಕೋಸ್ಟಾರಿಕಾದ ತಲಮಂಕಾದಲ್ಲಿ ಗೊನೆಗೆ ಕ್ಲೋರ್‌ಪೈರಿಫಾಸ್ ಸೇರಿಸಿದ ಪ್ಲಾಸ್ಟಿಕ್ ಚೀಲ ಹಾಕುತ್ತಿದ್ದರು. ಅಲ್ಲಿನ ತೋಟಗಳ ಹತ್ತಿರದ ಮಕ್ಕಳ ಮೂತ್ರದಲ್ಲಿ ಅದರ ಅಂಶ ಹೆಚ್ಚು ಕಂಡಿತು.

ಒಳ್ಳೆಯ ಸುದ್ದಿಯೂ ಇದೆ. ಸಿಯಾಟಲ್‌ನಲ್ಲಿ 23 ಶಾಲಾ ಮಕ್ಕಳಿಗೆ ಐದು ದಿನ ಸಾವಯವ ಆಹಾರ ಕೊಟ್ಟರು. ಮ್ಯಾಲಾಥಿಯಾನ್, ಕ್ಲೋರ್‌ಪೈರಿಫಾಸ್‌ಗಳ ಗುರುತು ಮೂತ್ರದಲ್ಲಿ ಪತ್ತೆಯಾಗದಷ್ಟು ಇಳಿಯಿತು. ಹಳೆಯ ಊಟಕ್ಕೆ ಮರಳಿದರು, ಗುರುತೂ ಮರಳಿತು. ಇಡೀ ಮನೆಗೆ ಸಾವಯವ ಕೊಳ್ಳಲು ಬಜೆಟ್ ಇಲ್ಲವೇ? ಮಗುವಿನ ತಟ್ಟೆಯಿಂದ ಶುರುಮಾಡಿ. ಹಿತ್ತಿಲಲ್ಲಿ ಕರಿಬೇವು, ಕುಂಡದಲ್ಲಿ ಕೊತ್ತಂಬರಿ ಹಾಕಿ.

9. ಎಮರ್ಜೆನ್ಸಿ ಡ್ರಿಲ್ ಕಲಿತಿರಿ

ಜೊಲ್ಲು, ಕಣ್ಣೀರು, ವಿಪರೀತ ಬೆವರು, ವಾಂತಿ, ಭೇದಿ, ತೀರಾ ಸಣ್ಣದಾದ ಕಣ್ಣಿನ ಪಾಪೆ, ಸ್ನಾಯು ಅದುರುವುದು, ಉಸಿರು ಕಟ್ಟುವುದು. ಹೊಲದಿಂದ ಬಂದವರಲ್ಲಿ ಇವು ಕಂಡರೆ ಬಿಸಿಲು ಬಡಿಯಿತು ಎಂದು ಮಜ್ಜಿಗೆ ಕೊಟ್ಟು ಮಲಗಿಸಬೇಡಿ. 108ಕ್ಕೆ ಫೋನ್ ಮಾಡಿ. ಬಟ್ಟೆ ಬಿಚ್ಚಿಸಿ, ಮೈ ಸೋಪು ನೀರಿನಲ್ಲಿ ತೊಳೆಯಿರಿ, ನಿಮ್ಮ ಕೈಗೆ ಕವಚವಿರಲಿ. ಬಲವಂತವಾಗಿ ವಾಂತಿ ಮಾಡಿಸಬೇಡಿ. ಡಬ್ಬಿಯನ್ನು ಜೊತೆಗೇ ಒಯ್ಯಿರಿ. ಅಟ್ರೋಪಿನ್ ಇಂಜೆಕ್ಷನ್ ಈ ಗುಂಪಿನ ವಿಷಕ್ಕೆ ಪ್ರತಿಮದ್ದು, ಡಾಕ್ಟರಿಗೆ ಹೆಸರು ಬೇಗ ಸಿಕ್ಕಷ್ಟೂ ಒಳ್ಳೆಯದು. ದೆಹಲಿ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ನಂಬರ್ 1800-116-117. ಈಗಲೇ ಸೇವ್ ಮಾಡಿ. ಓದು ಆಮೇಲೆ ಮುಂದುವರಿಸಿ.

10. ಪಂಪನ್ನು ಕಾಲುವೆಯಲ್ಲಿ ತೊಳೆಯಬೇಡಿ

ಗದ್ದೆಯಿಂದ ಬಸಿಗಾಲುವೆಗೆ, ಬಸಿಗಾಲುವೆಯಿಂದ ಹೊಳೆಗೆ, ಹೊಳೆಯಿಂದ ಮುಂದಿನ ಊರಿನ ಕೊಡಕ್ಕೆ. ತುಂಗಭದ್ರೆಯ ದಾರಿ ಇಷ್ಟೇ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ಹರಿವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದಾರೆ, ಹಂಪಿಯ ಬಂಡೆಗಳೂ ಅದರೊಳಗೇ ಬರುತ್ತವೆ. ನೀರುನಾಯಿ ಬದುಕುವುದು ಮೀನಿನಿಂದ. ಕ್ಲೋರ್‌ಪೈರಿಫಾಸ್ ಮೀನಿಗೂ, ಮೀನಿಗೆ ಆಹಾರವಾಗುವ ಸಣ್ಣ ನೀರುಜೀವಿಗಳಿಗೂ ತೀರಾ ಅಲ್ಪ ಪ್ರಮಾಣದಲ್ಲೇ ಮಾರಕ. ಪಂಪು ತೊಳೆದ ನೀರನ್ನು ಹೊಲದೊಳಗೇ ಚೆಲ್ಲಿ.

ಹೂ ಬಿಟ್ಟ ಬೆಳೆಗೆ ಬೆಳಗಿನ ಹೊತ್ತು ಹೊಡೆಸಬೇಡಿ, ಆಗ ಜೇನುನೊಣ ಕೆಲಸದಲ್ಲಿರುತ್ತದೆ. ಅರ್ಜೆಂಟೀನಾದಲ್ಲಿ 1995–96ರಲ್ಲಿ ಮಿಡತೆಗೆಂದು ಹೊಡೆದ ಮೊನೊಕ್ರೊಟೊಫಾಸಿಗೆ ಸಾವಿರಾರು ಸ್ವೇನ್‌ಸನ್ ಗಿಡುಗಗಳು ಸತ್ತುಬಿದ್ದವು. ದರೋಜಿ ಸುತ್ತಿನ ಹೊಲಗಳಲ್ಲಿ ನವಿಲು ಮೇಯುವುದು ನಿಮಗೆ ಗೊತ್ತೇ ಇದೆ.

11. ಇದನ್ನು ಕರಿಯರ್ ಮಾಡಿಕೊಳ್ಳಿ

ಸಮಸ್ಯೆ ಇರುವ ಕಡೆ ಕೆಲಸ ಇದೆ. ಭಾರತದಲ್ಲಿ ಮಿತಿ ನಿಗದಿಯಾಗದ ಕೀಟನಾಶಕಕ್ಕೆ ಆಹಾರದಲ್ಲಿ ಸಾಮಾನ್ಯ ಗರಿಷ್ಠ ಮಿತಿ ಕಿಲೋಗೆ 0.01 ಮಿ.ಗ್ರಾಂ. ಅಷ್ಟು ಸೂಕ್ಷ್ಮವನ್ನು ಅಳೆಯಲು ಯಂತ್ರ ಬೇಕು, ಯಂತ್ರ ನಡೆಸಲು ಜನ ಬೇಕು. ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟನಾಶಕ ಶೇಷ ಪರೀಕ್ಷೆಯ ಪ್ರಯೋಗಾಲಯವೇ ಇದೆ. ಕೆಮಿಸ್ಟ್ರಿ ಎಂ.ಎಸ್ಸಿ. ಓದುತ್ತಿದ್ದರೆ ಪ್ರಾಜೆಕ್ಟಿಗೆ ಅಲ್ಲಿ ಅರ್ಜಿ ಹಾಕಿ, ಎಲ್‌ಸಿ-ಎಂಎಸ್ ಯಂತ್ರದ ಮುಂದೆ ಕೂತು ಕೈ ಪಳಗಿಸಿ. ಕೃಷಿ, ಬಯೋಟೆಕ್ನಾಲಜಿ, ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ ಪದವೀಧರರಿಗೆ ಆಹಾರ ಸುರಕ್ಷತಾ ಅಧಿಕಾರಿ ಹುದ್ದೆಯ ಬಾಗಿಲು ತೆರೆದಿದೆ. ಎಷ್ಟು ಜನ ಆ ಸಿಲಬಸ್ ತೆಗೆದು ನೋಡಿದ್ದೀರಿ?

ಊರಿಗೆ ಮರಳುವ ಮನಸ್ಸಿದ್ದರೆ ಇನ್ನೂ ಒಳ್ಳೆಯದು. ಬಾಸ್ಮತಿ ರಫ್ತು ಉಳಿಸಿಕೊಳ್ಳಲು ಪಂಜಾಬ್ ಸರ್ಕಾರ ಸೀಸನ್‌ಗೆ ಮೊದಲೇ ಅಸಿಫೇಟ್, ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್ ಸೇರಿ ಹತ್ತು ಕೀಟನಾಶಕಗಳ ಮಾರಾಟ ತಡೆದ ಉದಾಹರಣೆ ಇದೆ. ಕೊಳ್ಳುವವನು ಕೇಳಿದಾಗ ಸರ್ಕಾರವೇ ಓಡಿತು. ನಮ್ಮ ಮೆಣಸಿನಕಾಯಿಗೂ ಏಲಕ್ಕಿ ಬಾಳೆಗೂ ಅದೇ ಕೊಳ್ಳುವವನು ಬರುತ್ತಾನೆ. ಅವನು ಬರುವ ಮೊದಲು ಓಣಿಯ ಹತ್ತು ರೈತರನ್ನು ಕೂರಿಸಿ, ತಲಾ ಒಂದು ನೋಟ್‌ಬುಕ್ ಕೊಡಿ. ಐದು ಕಾಲಂ ಎಳೆಯಿರಿ: ತಾರೀಖು, ಟೆಕ್ನಿಕಲ್ ಹೆಸರು, ಎಕರೆಗೆ ಎಷ್ಟು ಎಂ.ಎಲ್., ಯಾವ ಹುಳುವಿಗೆ, ಕೊಯ್ಲು ಎಂದು. ಮೊದಲ ಸಾಲನ್ನು ಅಪ್ಪಾಜಿಯ ಕೈಯಲ್ಲೇ ಬರೆಸಿ.